ಬಿಜ್ಜಳನ ವಧೆ: 'ಬಿಜ್ಜಳರಾಯ ಚರಿತೆ'ಯ ಸಾಕ್ಷ್ಯವಿಮರ್ಶೆ

ಕಲ್ಯಾಣದ ಕಲಚುರಿ ಅರಸ ಬಿಜ್ಜಳನ ಅಂತ್ಯವನ್ನು ಕುರಿತು ಎರಡು ಪರಂಪರೆಗಳು ಪರಸ್ಪರ ವಿರುದ್ಧವಾಗಿ ನುಡಿಯುತ್ತವೆ. ವೀರಶೈವ ಪುರಾಣಗಳ ಪ್ರಕಾರ ಶರಣ ಜಗದೇವನೂ ಅವನ ಸಂಗಡಿಗರೂ ಅರಸನನ್ನು ಕೊಂದರು. ಧರಣಿಪಂಡಿತನ 'ಬಿಜ್ಜಳರಾಯ ಚರಿತೆ'ಯಾದರೋ, ಕೊಲ್ಲಾಪುರದ ಶಿಲಾಹಾರ ಭೋಜನ ಮೇಲೆ ದಂಡೆತ್ತಿ ಹೋಗಿ ಮರಳುತ್ತಿದ್ದ ಬಿಜ್ಜಳನು, ಭೀಮಾತೀರದ ಬೀಡಿನಲ್ಲಿ ಜೈನವೇಷದ ಜಂಗಮನು ತಂದಿತ್ತ ವಿಷಫಲದಿಂದ ಮಡಿದನೆಂದೂ ಅದನ್ನು ಕಳುಹಿಸಿದವನು ಬಸವಣ್ಣನೆಂದೂ ಹೇಳುತ್ತದೆ.

ಸ್ಥಳ, ಸಾಧನ, ಕೊಂದವರು ಈ ಮೂರರಲ್ಲಿಯೂ ಭೇದವಿರುವಾಗ ಯಾವುದು ಗ್ರಾಹ್ಯ? 'ಚರಿತೆ'ಯು 17ನೆಯ ಶತಮಾನದ ಕೃತಿ. ಘಟನೆಗಿಂತ ಸುಮಾರು ಐದು ಶತಮಾನ ಈಚಿನದು. ಬಿಜ್ಜಳನ ಮಗ ಸೋವಿದೇವನು ಪಟ್ಟವೇರಿದ 1167ರ ವೇಳೆಗೆ ಕೊಲ್ಲಾಪುರದಲ್ಲಿ ಆಳುತ್ತಿದ್ದವನು ವಿಜಯಾದಿತ್ಯ; ಅವನ ಮಗ ಇಮ್ಮಡಿ ಭೋಜನ ಆಳ್ವಿಕೆ ಮೊದಲಾಗುವುದು 1175ರ ಸುಮಾರಿಗೆ. ಈ ಪ್ರಮಾದ ಕವಿಯದೋ, ಲಿಪಿಕಾರನದೋ? ಬಿಜ್ಜಳನು ತಾನಾಗಿಯೇ ಮಗನಿಗೆ ರಾಜ್ಯವನ್ನು ಒಪ್ಪಿಸಿದನೆಂಬ ವಿದ್ವಾಂಸರ ಮತ ಸಾಧುವಾದರೆ, ಪಟ್ಟ ತೊರೆದವನನ್ನು ಕೊಲ್ಲುವುದರಿಂದ ಯಾರಿಗೆ ಏನು ಪ್ರಯೋಜನ?

ಆದರೂ ಕಥೆಯ ಕೊಲ್ಲಾಪುರದ ಎಳೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ರಬಕವಿ-ಬನಹಟ್ಟಿಗೆ ಸಮೀಪದ ತೇರದಾಳದ 1123ರ ಶಾಸನವು, ಮಾಂಡಲಿಕ ಗೊಂಕನು ಕಟ್ಟಿಸಿದ ನೇಮಿನಾಥ ಬಸದಿಯನ್ನೂ ಕೊಲ್ಲಾಪುರದ ಮಾಘನಂದಿ ಸೈದ್ಧಾಂತಿಕರನ್ನೂ ಸ್ಮರಿಸುತ್ತದೆ. ಇಂತಹ ಗುರುಸಂಬಂಧವಿದ್ದ ನಾಡಿನ ಜೈನರಲ್ಲಿ ಕೊಲ್ಲಾಪುರದ ವಾರ್ತೆ ಬಾಯಿಂದ ಬಾಯಿಗೆ ಉಳಿದಿದ್ದರೆ ಆಶ್ಚರ್ಯವಿಲ್ಲ. ಆದುದರಿಂದ ತೇರದಾಳದಲ್ಲಿಯಂತೆ ಜಮಖಂಡಿ, ಮುಧೋಳ, ಬೀಳಗಿಗಳ ಬಸದಿಗಳಲ್ಲಿಯೂ ಶ್ರಾವಕರ ಮನೆಗಳಲ್ಲಿಯೂ 'ಚರಿತೆ'ಯ ಓಲೆಪ್ರತಿಗಳನ್ನು ಅರಸಿ, ಭೋಜನ ಹೆಸರಿನ ಪಾಠಾಂತರಗಳನ್ನು ಪರಿಶೀಲಿಸುವುದು ಅವಶ್ಯಕ. ಅದುವರೆಗೆ ಈ ಕೃತಿಯೊಂದನ್ನೇ ನೆಚ್ಚಿ ಬಸವಣ್ಣನ ಮೇಲೆ ಕೊಲೆಯ ಆರೋಪ ಹೊರಿಸುವುದು ಜೈನ ವಿದ್ವತ್ತಿಗೆ ಭೂಷಣವಲ್ಲ.