ವೇಷ ಕಳಚಿದ ಕಾರ್ಡು

ಒಂದೇ ಸರ್ವರಿನೊಳಗೆ ಹತ್ತಾರು ವರ್ಚುವಲ್ ಮಷೀನುಗಳನ್ನು ನಡೆಸುವ ವಿದ್ಯೆಯು ಬಹುಮಟ್ಟಿಗೆ ಒಂದು ಸುಳ್ಳಿನ ಮೇಲೆ ನಿಂತಿತ್ತು: ಅತಿಥಿ ಯಂತ್ರಕ್ಕೆ ತಾನು ನಿಜವಾದ ಪೆಟ್ಟಿಗೆಯೆಂಬ ಭ್ರಮೆ ಕೆಡಬಾರದೆಂದು ಕ್ಯೂಎಮು ತಂತ್ರಾಂಶವು ಇಂಟೆಲ್ಲಿನ ಇ1000 ನೆಟ್‌ವರ್ಕ್ ಕಾರ್ಡನ್ನು ರಿಜಿಸ್ಟರುಗಳ ಸಮೇತ ಅಭಿನಯಿಸುತ್ತಿತ್ತು. ಅಭಿನಯವೇನೋ ಸೊಗಸಾದುದೇ, ಆದರೆ ಅತಿಥಿಯು ಆ ಹುಸಿ ರಿಜಿಸ್ಟರನ್ನು ಮುಟ್ಟಿದಾಗಲೆಲ್ಲ ಪ್ರೊಸೆಸರು ಅದರ ಕೆಲಸವನ್ನು ನಿಲ್ಲಿಸಿ, ವರ್ಚುವಲ್ ಮಷೀನುಗಳನ್ನಾಳುವ ಹೈಪರ್‌ವೈಸರಿಗೆ ಅಧಿಕಾರವನ್ನೊಪ್ಪಿಸಿ, ಮರಳಿ ಬರಬೇಕಾಗಿದ್ದುದರಿಂದ ಕಾಲವೆಲ್ಲ ಈ ಓಡಾಟದಲ್ಲೇ ವ್ಯಯವಾಗುತ್ತಿತ್ತು.

ರಸ್ಟಿ ರಸೆಲ್ ರೂಪಿಸಿದ, 2008ರಲ್ಲಿ ಲಿನಕ್ಸ್ 2.6.24ರೊಂದಿಗೆ ಹೊರಬಂದ ವರ್ಟ್‌ಐಒ ಈ ವೇಷವನ್ನೇ ಕಳಚಿಹಾಕಿತು. ಝೆನ್ ಎಂಬ ಹೈಪರ್‌ವೈಸರು ಅದೇ ದಾರಿಯನ್ನು ಮೊದಲೇ ತುಳಿದಿತ್ತಾದರೂ ಅದರ ಒಡಂಬಡಿಕೆ ತನ್ನ ಮನೆಯೊಳಗೆ ಮಾತ್ರ ಸಲ್ಲುವಂಥದು. ವರ್ಟ್‌ಐಒ ಎಲ್ಲ ಹೈಪರ್‌ವೈಸರುಗಳಿಗೂ ಸಲ್ಲಲೆಂದು ಹುಟ್ಟಿತು. ಅತಿಥಿ, ಆತಿಥೇಯರಿಬ್ಬರಿಗೂ ಕಾಣುವ ಮೆಮೊರಿಯಲ್ಲಿ ಒಂದು ರಿಂಗು, ಚೌಕಾಬಾರದ ಮಣೆಯಂತೆ ಸುತ್ತುವ ಮನೆಗಳು, ಸಾಮಾನ್ಯವಾಗಿ 256. ಅತಿಥಿಯು ಪ್ಯಾಕೆಟ್ಟಿನ ವಿಳಾಸವನ್ನು ಅಲ್ಲಿಟ್ಟು ಗಂಟೆ ಬಾರಿಸುತ್ತದೆ, ಆತಿಥೇಯ ಎತ್ತಿಕೊಳ್ಳುತ್ತದೆ. ಈ ರಚನೆಯ ನಿಜವಾದ ಸೊಬಗನ್ನು ನಾನು ಕಾಣುವುದು ಒಂದು ಸಣ್ಣ ಗುರುತಿನಲ್ಲಿ: ಆತಿಥೇಯವು ಆಗಲೇ ಮನೆಗಳನ್ನು ಬರಿದು ಮಾಡುವುದರಲ್ಲಿ ತೊಡಗಿದ್ದರೆ, ಗಂಟೆ ಬೇಡವೆಂದು ಅಲ್ಲಿಯೇ ಬರೆದಿಡುತ್ತದೆ. ಹೀಗಾಗಿ ಹೊರೆ ಹೆಚ್ಚಿದಷ್ಟೂ ಗಂಟೆಗಳು ವಿರಳವಾಗುತ್ತವೆ. ಸಂತೆಯ ದಿನ ಅಂಗಡಿಯವನನ್ನು ಯಾರೂ ಕೂಗಿ ಕರೆಯಬೇಕಾಗಿಲ್ಲವಷ್ಟೆ.

ದೋಷವಿಲ್ಲವೆಂದಲ್ಲ. ರಿಂಗಿನ ಆಚೆ ಕುಳಿತ ಕ್ಯೂಎಮು ಸಾಮಾನ್ಯ ಪ್ರೋಗ್ರಾಮಾದ ಕಾರಣ ಪ್ಯಾಕೆಟ್ಟು ಕರ್ನಲ್ಲಿನ ಹೊಸ್ತಿಲನ್ನು ಮತ್ತೊಮ್ಮೆ ದಾಟಬೇಕಾಗಿತ್ತು. 2010ರ ವಿಹೋಸ್ಟ್-ನೆಟ್ ಆ ಕೆಲಸವನ್ನು ಕರ್ನಲ್ಲಿನೊಳಕ್ಕೇ ಎಳೆದುಕೊಂಡಿತು. ಅಷ್ಟರಿಂದಲೂ ತೃಪ್ತರಾಗದವರು ಎಸ್‌ಆರ್-ಐಒವಿಯ ಮೊರೆಹೋಗುತ್ತಾರೆ: ಭೌತಿಕ ಕಾರ್ಡೇ ತನ್ನನ್ನು ಹಲವಾಗಿ ಸೀಳಿಕೊಂಡು ಅತಿಥಿಗೊಂದು ತುಣುಕನ್ನು ನೇರವಾಗಿ ಕೊಡುತ್ತದೆ. ವೇಗದಲ್ಲಿ ಅದು ಮುಂದೆಂಬುದು ನಿರ್ವಿವಾದ. ಆದರೆ ಅತಿಥಿಯು ಆ ಕಾರ್ಡಿಗೆ ಕಟ್ಟುಬಿದ್ದು, ಓಡುತ್ತಿರುವಂತೆಯೇ ಬೇರೊಂದು ಸರ್ವರಿಗೆ ಸಾಗುವ ಸ್ವಾತಂತ್ರ್ಯವನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಮೈಕ್ರೋಸೆಕೆಂಡುಗಳನ್ನೆಣಿಸುವವರಿಗೆ ಆ ಬೆಲೆ ಸಹ್ಯವಾದೀತು. ಉಳಿದವರ ಪಾಲಿಗೆ ಅದು ದುಡುಕೆಂದೇ ನನ್ನ ಎಣಿಕೆ.

ಅನುಕರಣೆಯನ್ನು ಇಷ್ಟು ಹಳಿದ ನಾನು ಒಂದು ರಾತ್ರಿ ವಿಂಡೋಸ್ ಅತಿಥಿಯೊಂದರ ಕಾರ್ಡನ್ನು ಇ1000ದಿಂದ ವರ್ಟ್‌ಐಒಗೆ ಬದಲಿಸಿ, ಮರಳಿ ಚಾಲೂ ಮಾಡಿ ನೋಡಿದರೆ, ಅದರಲ್ಲಿ ನೆಟ್‌ವರ್ಕೇ ಇಲ್ಲ! ಬೇಕಾದ ಡ್ರೈವರನ್ನು ಮೊದಲೇ ಹಾಕಿಡುವುದನ್ನು ಮರೆತಿದ್ದೆ. ಅದನ್ನು ಇಳಿಸಿಕೊಳ್ಳುವ ಸಲುವಾಗಿ ಆ ಹಳೆಯ ಇ1000ದ ವೇಷವನ್ನೇ ಮತ್ತೆ ತೊಡಿಸಬೇಕಾಯಿತು.