ಎಲೆ ಸವರಿದ ಗಿಡ, ಕಾಯಿ ಕೊಯ್ಯುವ ರೋಬೋಟ್

ಹಣ್ಣು ತರಕಾರಿ ಕೊಯ್ಯುವ ರೋಬೋಟುಗಳ ವಿಡಿಯೋ ನೋಡಿದವರಿಗೆ ಆಳಿನ ಚಿಂತೆ ಇನ್ನೇನು ತೀರಿತು ಅನ್ನಿಸುತ್ತದೆ. ತೋಳು ಚಾಚುತ್ತದೆ, ಹಣ್ಣು ಬುಟ್ಟಿಗೆ ಬೀಳುತ್ತದೆ. ಕೊಯ್ಯಲಾಗದೆ ಗಿಡದಲ್ಲೇ ಬಿಟ್ಟ ಹಣ್ಣೆಷ್ಟು, ಆ ಗಿಡವನ್ನು ಮೊದಲೇ ಹೇಗೆ ಅಣಿಗೊಳಿಸಿದ್ದರು ಎಂಬುದು ಮಾತ್ರ ವಿಡಿಯೋದಲ್ಲಿ ಇರುವುದಿಲ್ಲ. ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದ ರೋಬೋಟ್ ಒಂದಿದೆ. ಈ ತಂತ್ರಜ್ಞಾನವನ್ನು ಅಳೆಯಲು ಹೊರಡುವವರು ಅಲ್ಲಿಂದಲೇ ಶುರು ಮಾಡಬೇಕು.

ಅದರ ಹೆಸರು ‘ಸ್ವೀಪರ್’. ದೊಣ್ಣೆಮೆಣಸಿನಕಾಯಿ ಕೊಯ್ಯಲೆಂದು ಐರೋಪ್ಯ ಒಕ್ಕೂಟದ ಹಣದಲ್ಲಿ, ನೆದರ್ಲೆಂಡ್ಸಿನ ವಾಗನಿಂಗನ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ಕಟ್ಟಿದ್ದು. ಗಾಜಿನಮನೆಯ ಸಾಲುಗಳ ನಡುವಿನ ಕಂಬಿಯ ಮೇಲೆ ಓಡುವ ಗಾಡಿ. ಗಾಡಿಯ ಮೇಲೆ ಕಾರ್ಖಾನೆಗಳಲ್ಲಿರುವಂಥ ಆರು ಕೀಲಿನ ತೋಳು. ತೋಳಿನ ತುದಿಗೆ ಬಣ್ಣವನ್ನೂ ದೂರವನ್ನೂ ಅಳೆಯುವ ಕ್ಯಾಮೆರಾ, ತೊಟ್ಟು ಕತ್ತರಿಸಲು ಅದುರುವ ಚಾಕು. 2020ರಲ್ಲಿ ಪ್ರಕಟವಾದ ಪ್ರಬಂಧದ ಪ್ರಕಾರ, ನಾಲ್ಕು ವಾರಗಳ ಪರೀಕ್ಷೆಯಲ್ಲಿ 262 ಕಾಯಿಗಳ ಮೇಲೆ ಇದರ ಕೈಚಳಕ ನೋಡಲಾಯಿತು. ಒಂದು ಕಾಯಿಗೆ ಸರಾಸರಿ 24 ಸೆಕೆಂಡ್ ಹಿಡಿಯಿತು. ಎಲೆ ಸವರಿ, ಅಡ್ಡ ಬರುವ ಕಾಯಿಗಳನ್ನು ತೆಗೆದು ದಾರಿ ಮಾಡಿಕೊಟ್ಟಾಗ ಶೇ. 61ರಷ್ಟು ಕಾಯಿ ಕೈಗೆ ಬಂತು. ಬೆಳೆಗಾರನ ಗಿಡ ಇದ್ದ ಹಾಗೇ ಇದ್ದಾಗ ಶೇ. 18.

ಈ 18ನ್ನು ಅಚ್ಚು ಹಾಕಿಸಿದ ಸಂಶೋಧಕರಿಗೆ ಮೊದಲು ಶಹಭಾಸ್ ಹೇಳಬೇಕು. ಮಾರುವವರಾಗಿದ್ದರೆ 61 ಅಂದು ಸುಮ್ಮನಾಗುತ್ತಿದ್ದರು.

ಇಷ್ಟು ಅಂತರ ಯಾಕೆ? ಮಾಗಿದ ಕಾಯಿಯನ್ನು ಗುರುತಿಸುವುದು ಇವತ್ತಿನ ಕ್ಯಾಮೆರಾಗಳಿಗೆ ಅಂಥ ಕಷ್ಟವಲ್ಲ. ತೊಡಕಿರುವುದು ಕಾಯಿಯ ಹಿಂದೆ. ತೊಟ್ಟು ಎಲೆಯ ಮರೆಯಲ್ಲಿರುತ್ತದೆ, ಇಲ್ಲವೇ ಕಾಂಡಕ್ಕೆ ಅಂಟಿಕೊಂಡಿರುತ್ತದೆ. ಚಾಕು ಒಂದಿಷ್ಟು ಆಚೀಚೆಯಾದರೆ ಕಾಯಿಗೆ ಗಾಯ, ಅಥವಾ ಕಾಂಡಕ್ಕೇ ಏಟು. ಕೊಯ್ಯುವ ಹೆಂಗಸು ಒಂದು ಕೈಯಲ್ಲಿ ಎಲೆ ಸರಿಸುತ್ತಾಳೆ, ಇನ್ನೊಂದರಲ್ಲಿ ತೊಟ್ಟು ತಡವುತ್ತಾಳೆ, ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಯಂತ್ರಕ್ಕೆ ಕಂಡಷ್ಟೇ ಲೋಕ. ಆದ್ದರಿಂದ ಆ 61ರ ಬಹುಪಾಲು ಸಲ್ಲಬೇಕಾದದ್ದು ಎಲೆ ಸವರಿದ ಮನುಷ್ಯನ ಕೈಗೆ. ಆ ಕೈಯ ಕೂಲಿಯನ್ನು ಲೆಕ್ಕಕ್ಕೆ ಸೇರಿಸದೆ ಯಂತ್ರ ಅಗ್ಗವೆಂದು ಹೇಳುವುದು ಮೋಸದ ಲೆಕ್ಕ.

ಇದಕ್ಕೆ ಎಂಜಿನಿಯರುಗಳ ಉತ್ತರ ಸಿದ್ಧವಿದೆ: ಯಂತ್ರಕ್ಕೆ ತಕ್ಕ ಗಿಡ ಬೆಳೆಸಿ. ಕ್ಯಾಲಿಫೋರ್ನಿಯಾದ ಅಬಂಡಂಟ್ ರೋಬೋಟಿಕ್ಸ್ ಸೇಬನ್ನು ಕೊಳವೆಯಲ್ಲಿ ಹೀರಿಕೊಳ್ಳುವ ಯಂತ್ರ ಮಾಡಿತ್ತು. 2019ರಲ್ಲಿ ನ್ಯೂಜಿಲೆಂಡಿನ ತೋಟವೊಂದರಲ್ಲಿ ಅದು ವಾಣಿಜ್ಯ ಕೊಯ್ಲಿಗೂ ಇಳಿಯಿತು. ಅಲ್ಲಿನ ಮರಗಳು ನಮ್ಮ ಕಣ್ಣಿಗೆ ಮರವೇ ಅಲ್ಲ, ತಂತಿಗೆ ಒರಗಿಸಿ ಗೋಡೆಯಂತೆ ಬೆಳೆಸಿದವು. ಇಷ್ಟಾದರೂ 2021ರಲ್ಲಿ ಕಂಪನಿ ಬಾಗಿಲು ಹಾಕಿತು. ತೋಟವನ್ನೇ ಬದಲಿಸುವ ಖರ್ಚು ಹಾಕಿದ ಬೆಳೆಗಾರನಿಗೆ, ಮಾರಿದವನೇ ಇಲ್ಲವಾದ ಯಂತ್ರದ ಬಿಡಿಭಾಗ ಎಲ್ಲಿ ಸಿಗಬೇಕು?

ಯಂತ್ರಕ್ಕಾಗಿ ಬೆಳೆಯನ್ನೇ ತಿದ್ದಿದರೆ ಏನಾಗುತ್ತದೆಂಬುದಕ್ಕೆ ಹಳೆಯ ಉದಾಹರಣೆಯೂ ಕ್ಯಾಲಿಫೋರ್ನಿಯಾದ್ದೇ. ಮೆಕ್ಸಿಕೋದಿಂದ ಕೂಲಿಗಳನ್ನು ಕರೆತರುವ ಬ್ರಸೇರೊ ವ್ಯವಸ್ಥೆ 1964ರಲ್ಲಿ ಮುಗಿದ ಮೇಲೆ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದಲ್ಲಿ ರೂಪುಗೊಂಡಿದ್ದ ಟೊಮೆಟೊ ಕೊಯ್ಲು ಯಂತ್ರ ಆ ರಾಜ್ಯದಲ್ಲಿ ಬೇಗನೆ ಹರಡಿತು. ಅದು ರೋಬೋಟಲ್ಲ, ಗಿಡವನ್ನು ಬುಡದಲ್ಲೇ ಕತ್ತರಿಸಿ ಹಣ್ಣು ಉದುರಿಸುವ ದೈತ್ಯ. ಅದರ ಪೆಟ್ಟು ತಡೆಯಲೆಂದೇ ಗಟ್ಟಿಯಾದ ಹಣ್ಣಿನ ತಳಿ ತಯಾರಾಯಿತು. 1960ರ ದಶಕದ ಆರಂಭದಲ್ಲಿ ಸುಮಾರು 4,000 ಇದ್ದ ಟೊಮೆಟೊ ಬೆಳೆಗಾರರು 1973ರ ಹೊತ್ತಿಗೆ ಸುಮಾರು 600ಕ್ಕೆ ಇಳಿದರು. ಕೂಲಿಗಳು ಮಾತ್ರವಲ್ಲ, ಸಣ್ಣ ರೈತರೂ ಹೊಲದಿಂದ ಹೊರಬಿದ್ದರು. ಸಾರ್ವಜನಿಕ ಹಣದಲ್ಲಿ ಇಂಥ ಸಂಶೋಧನೆ ನಡೆಸಬಹುದೇ ಎಂದು 1979ರಲ್ಲಿ ವಿಶ್ವವಿದ್ಯಾಲಯದ ಮೇಲೆ ಮೊಕದ್ದಮೆಯೂ ಆಯಿತು.

ಹಾಗೆಂದು ರೋಬೋಟೇ ಬೇಡವೆನ್ನಲು ನಾನು ತಯಾರಿಲ್ಲ. ಹೆಕ್ಟೇರುಗಟ್ಟಲೆ ಒಂದೇ ಅಳತೆಯ ಸಾಲು, ಮೊದಲೇ ಹಾಕಿದ ಕಂಬಿ, ದುಬಾರಿ ಕೂಲಿ ಇರುವ ಡಚ್ ಗಾಜಿನಮನೆಯಲ್ಲಿ ಇದು ಒಂದಲ್ಲ ಒಂದು ದಿನ ಗಿಟ್ಟೀತು. ಬೆಂಗಳೂರಿನ ಸುತ್ತಲ ಒಂದೆಕರೆ, ಅರ್ಧ ಎಕರೆಯ ಪಾಲಿಹೌಸುಗಳ ಮಾತು ಬೇರೆ. ಅಲ್ಲಿ ಕ್ಯಾಪ್ಸಿಕಂ ಕೊಯ್ಯುವವರೇ ಬೇಡದ ಕುಡಿ ಚಿವುಟುತ್ತಾರೆ, ರೋಗ ತಗುಲಿದ ಎಲೆ ತೋರಿಸುತ್ತಾರೆ, ಕಾಯಿ ವಿಂಗಡಿಸುತ್ತಾರೆ. ರೋಬೋಟ್ ಬಿಡಿಸಿಕೊಡುವುದು ಇದರಲ್ಲಿ ಒಂದೇ ಕೆಲಸವನ್ನು. ಮಲೆನಾಡು, ಕರಾವಳಿಯ ಅಡಿಕೆ ತೋಟಗಳಿಗೆ ಬಂದ ಕಾರ್ಬನ್ ಫೈಬರ್ ದೋಟಿ ಇದಕ್ಕಿಂತ ಮೇಲಾದ ಯಂತ್ರನೀತಿ ಎಂಬುದು ನನ್ನ ಅಭಿಪ್ರಾಯ: ಮರ ಹತ್ತುವ ಅಪಾಯವನ್ನಷ್ಟೇ ಅದು ತೆಗೆದುಹಾಕಿತು, ಗೊನೆ ಬಲಿತಿದೆಯೇ ಎಂದು ನೋಡುವ ಕಣ್ಣನ್ನು ಮನುಷ್ಯನಿಗೇ ಬಿಟ್ಟಿತು, ತೋಟವನ್ನು ಬದಲಿಸಿ ಎನ್ನಲಿಲ್ಲ.

ಮುಂದಿನ ಕೃಷಿ ಮೇಳದಲ್ಲಿ ಕೊಯ್ಲಿನ ರೋಬೋಟ್ ಕಂಡರೆ ವಿಡಿಯೋ ನೋಡಿ ತಲೆದೂಗಬೇಡಿ. ಸವರದ ಗಿಡದಲ್ಲಿ ಒಂದು ಪೂರ್ತಿ ದಿನ ಕೊಯ್ದು ತೋರಿಸಲು ಕೇಳಿ. ಬಿಟ್ಟ ಕಾಯಿ, ಗಾಯವಾದ ಕಾಯಿ ಎರಡನ್ನೂ ಎದುರಿಗೇ ಎಣಿಸಿಕೊಳ್ಳಿ.