ಯಾರು ನೋಡಬಹುದು: ಫೋನಿನ ಸೆಟ್ಟಿಂಗ್ಸ್ ಪುಟಕ್ಕೊಂದು ವ್ಯಾಖ್ಯಾನ

ಇಲ್ಲಿ ಓದಲು ಹೊರಟಿರುವ ಪಠ್ಯ ನಮ್ಮಲ್ಲಿ ಬಹುತೇಕರ ಜೇಬಿನಲ್ಲೇ ಇದೆ. ವಾಟ್ಸ್‌ಆಪ್‌ನ ಪ್ರೈವೆಸಿ ಪುಟ, ಅದರ ಪಕ್ಕದ ಅಕೌಂಟ್ ಪುಟ, ಕರೆ ಮಾಡುವ ಆಪ್‌ನ ಒಳಮನೆಯಲ್ಲಿ ಕೂತಿರುವ ಕಾಲ್ ಫಾರ್ವರ್ಡಿಂಗ್ ಮತ್ತು ವಾಯ್ಸ್‌ಮೇಲ್. ಎಲ್ಲ ಸೇರಿಸಿದರೂ ಒಂದು ಅಂಚೆ ಕಾರ್ಡಿನಲ್ಲಿ ಹಿಡಿಯುವಷ್ಟು ಬರಹ. ಹಳೆಯ ವ್ಯಾಖ್ಯಾನಕಾರರು ಪದ್ಯವನ್ನು ಬಿಡಿಸಿ, ಅನ್ವಯಿಸಿ, ಆಮೇಲೆ ತಾತ್ಪರ್ಯ ಹೇಳುತ್ತಿದ್ದರು. ಈ ಪುಟಕ್ಕೂ ಅಂಥದೇ ಓದು ಬೇಕು. ಏಕೆಂದರೆ ಇದರ ಸಾಲುಗಳು ಬಿಡಿಬಿಡಿಯಾಗಿ ಅರ್ಥ ಕೊಡುವುದಿಲ್ಲ. ಒಂದು ಸಾಲಿನ ಅಪಾಯ ಇನ್ನೊಂದು ಪುಟದ ಸಾಲಿನಲ್ಲಿ ಇರುತ್ತದೆ. ಆಪ್ ಹೊಸದಾದಾಗಲೆಲ್ಲ ಸಾಲುಗಳ ಜಾಗ ಅಷ್ಟಿಷ್ಟು ಬದಲಾಗಬಹುದು, ಹಾಗಾಗಿ ಹೆಸರು ನೋಡಿ ಹುಡುಕಿಕೊಳ್ಳಿ.

‘ಲಾಸ್ಟ್ ಸೀನ್ ಅಂಡ್ ಆನ್‌ಲೈನ್: ಎವ್ರಿವನ್’

ಈ ‘ಎವ್ರಿವನ್’ ಎಂಬುದರ ವ್ಯಾಪ್ತಿಯನ್ನು ಮೊದಲು ಗಮನಿಸಬೇಕು. ನಿಮ್ಮ ನಂಬರ್ ಗೊತ್ತಿರುವ ಯಾರು ಬೇಕಾದರೂ ಅದರೊಳಗೆ ಸೇರುತ್ತಾರೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಪುಸ್ತಕಕ್ಕೆ ನಂಬರ್ ಬರೆದಿದ್ದೀರಿ, ಬಟ್ಟೆ ಅಂಗಡಿಯ ಬಿಲ್ಲಿಗೆ ಹೇಳಿದ್ದೀರಿ, ಮದುವೆ ಛತ್ರದ ರಸೀತಿಗೆ ಕೊಟ್ಟಿದ್ದೀರಿ. ಅಲ್ಲಿ ಅದನ್ನು ಕಂಡ ಪ್ರತಿಯೊಬ್ಬರೂ ನೀವು ಕೊನೆಯ ಸಲ ಯಾವಾಗ ವಾಟ್ಸ್‌ಆಪ್ ತೆರೆದಿರಿ ಎಂದು ನೋಡಬಹುದು. ಒಂದು ದಿನ ನೋಡಿದರೆ ಏನೂ ತಿಳಿಯದು. ಒಂದು ತಿಂಗಳು ನೋಡಿದರೆ ನೀವು ಮಲಗುವ ಹೊತ್ತು, ಏಳುವ ಹೊತ್ತು, ನಡುರಾತ್ರಿ ಎಚ್ಚರವಿದ್ದ ದಿನಗಳು ಎಲ್ಲ ತಿಳಿಯುತ್ತವೆ. ಕಷ್ಟದ ದಾಂಪತ್ಯದಿಂದ ಹೊರಬಂದ ಹೆಣ್ಣುಮಗಳಿಗೆ, ಬೆನ್ನುಬಿದ್ದವನಿಂದ ತಪ್ಪಿಸಿಕೊಳ್ಳುತ್ತಿರುವ ವಿದ್ಯಾರ್ಥಿನಿಗೆ ಇದು ಸಣ್ಣ ಸಂಗತಿಯಲ್ಲ.

‘ಎವ್ರಿವನ್’ ಎಂದು ನೀವು ಆರಿಸಿಲ್ಲ ಎಂಬುದನ್ನೂ ನೆನಪಿಡಿ. ಆಪ್ ಹಾಕಿಕೊಂಡ ದಿನವೇ ಅದು ಹಾಗಿತ್ತು. ಆಯ್ಕೆ ಕಂಪನಿಯದು, ಪರಿಣಾಮ ನಿಮ್ಮದು. ಇದನ್ನು ‘ಮೈ ಕಾಂಟ್ಯಾಕ್ಟ್ಸ್’ ಅಥವಾ ‘ನೋಬಡಿ’ ಮಾಡಬಹುದು. ಆನ್‌ಲೈನ್ ಇರುವುದನ್ನೂ ಮರೆಮಾಡುವ ಸೌಲಭ್ಯ 2022ರಲ್ಲಿ ಬಂತು. ನೀವು ತೋರಿಸದಿದ್ದರೆ ಬೇರೆಯವರದೂ ನಿಮಗೆ ಕಾಣದು. ನನಗೆ ಇದು ನ್ಯಾಯವಾದ ನಿಯಮವೆನಿಸುತ್ತದೆ.

‘ಪ್ರೊಫೈಲ್ ಫೋಟೊ: ಎವ್ರಿವನ್’

ನಿಮ್ಮ ಚಿತ್ರವನ್ನು ಹೊಸ ನಂಬರಿಗೆ ಅಂಟಿಸಿ, ‘ಅಪ್ಪಾ, ಇದು ನನ್ನ ಹೊಸ ನಂಬರ್, ತುರ್ತಾಗಿ ಹಣ ಬೇಕು’ ಎಂದು ಬರೆಯುವ ವಂಚನೆ ಈ ಸಾಲಿನಿಂದಲೇ ಶುರುವಾಗುತ್ತದೆ. ‘ಮೈ ಕಾಂಟ್ಯಾಕ್ಟ್ಸ್’ ಸಾಕು. ಕಾಂಟ್ಯಾಕ್ಟ್ಸ್‌ನಲ್ಲಿ ಯಾವಾಗಲೋ ಸೇರಿಸಿ ಮರೆತವರೂ ಇರುತ್ತಾರೆ. ಅವರನ್ನು ಹೊರಗಿಡಲು ಕೆಳಗೇ ‘ಎಕ್ಸೆಪ್ಟ್’ ಎಂಬ ಆಯ್ಕೆ ಇದೆ.

‘ರೀಡ್ ರಿಸೀಪ್ಟ್ಸ್’

2014ರ ನವೆಂಬರಿನಲ್ಲಿ ಬಂದ ನೀಲಿ ಗೆರೆಗಳು. ಆರಿಸಿದರೆ ಆರುತ್ತವೆ, ಆದರೆ ಗ್ರೂಪುಗಳಲ್ಲಿ ಆರುವುದಿಲ್ಲ. ಕಚೇರಿಯ ಗ್ರೂಪಿನಲ್ಲಿ ನೀವು ಓದಿದ್ದು ತಿಳಿದೇ ತಿಳಿಯುತ್ತದೆ.

‘ಗ್ರೂಪ್ಸ್: ಎವ್ರಿವನ್’

ಗೊತ್ತಿಲ್ಲದವರು ನಿಮ್ಮನ್ನು ಷೇರು ಮಾರುಕಟ್ಟೆಯ ಯಾವುದೋ ಗುಂಪಿಗೆ ಎಳೆದುಕೊಳ್ಳುವುದು ಈ ಬಾಗಿಲಿನಿಂದ. ಒಳಗೆ ನೂರು ಜನ ಲಾಭ ಬಂತೆಂದು ಹಾಡಿಹೊಗಳುತ್ತಿರುತ್ತಾರೆ. ಅವರಲ್ಲಿ ಬಹುಪಾಲು ವಂಚಕರ ಕಡೆಯವರೇ. ಜೊತೆಗೆ, ಗುಂಪಿಗೆ ಸೇರಿದ ಕ್ಷಣ ನಿಮ್ಮ ನಂಬರ್ ಅಲ್ಲಿದ್ದವರಿಗೆಲ್ಲ ಕಾಣುತ್ತದೆ. 2019ರ ಏಪ್ರಿಲಿನಿಂದ ಈ ಸಾಲು ನಮ್ಮ ಕೈಯಲ್ಲಿದೆ. ‘ಮೈ ಕಾಂಟ್ಯಾಕ್ಟ್ಸ್’ ಎಂದು ಬದಲಿಸಿದರೆ ಹೊರಗಿನವರು ಆಹ್ವಾನ ಕಳಿಸಿ ಕಾಯಬೇಕು.

ಕಂಪನಿ ಮನಸ್ಸು ಮಾಡಿದರೆ ಮೂಲ ಸೆಟ್ಟಿಂಗನ್ನೇ ಎಲ್ಲರಿಗೂ ಒಂದೇ ಏಟಿಗೆ ಬಿಗಿ ಮಾಡಬಲ್ಲದು. ಅದಕ್ಕೆ ನಮ್ಮ ನಾಡಿನದೇ ನೋವಿನ ಸಾಕ್ಷ್ಯವಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ದೇಶದ ಬೇರೆ ಕಡೆಗಳಲ್ಲೂ ಅಂಥ ಹತ್ಯೆಗಳಾಗಿದ್ದವು. ಮುರ್ಕಿಯ ಘಟನೆಯಾದ ಕೆಲವೇ ದಿನಗಳಲ್ಲಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಿಂತ ಹೆಚ್ಚಿಗೆ ಫಾರ್ವರ್ಡ್ ಮಾಡಲಾಗದಂತೆ ವಾಟ್ಸ್‌ಆಪ್ ಮಿತಿ ಹಾಕಿತು. ಗುಂಪಿಗೆ ಸೇರಿಸುವ ವಿಷಯದಲ್ಲಿ ಮಾತ್ರ ಜವಾಬ್ದಾರಿಯನ್ನು ಬಳಕೆದಾರರ ಹೆಗಲಿಗೇ ಬಿಟ್ಟಿದೆ. ಇದು ನನಗೆ ಒಪ್ಪಿಗೆಯಾಗುವುದಿಲ್ಲ. ಸೆಟ್ಟಿಂಗ್ಸ್ ತೆರೆಯಲು ಬಾರದ ಕೋಟ್ಯಂತರ ಜನರಿಗೆ ಮೂಲ ಸೆಟ್ಟಿಂಗೇ ಕೊನೆಯ ಸೆಟ್ಟಿಂಗ್.

‘ಸೈಲೆನ್ಸ್ ಅನ್‌ನೋನ್ ಕಾಲರ್ಸ್’

2023ರ ಜೂನಿನಲ್ಲಿ ಬಂದ ಸಾಲು. ಗೊತ್ತಿಲ್ಲದ ನಂಬರಿನಿಂದ ವಾಟ್ಸ್‌ಆಪ್ ಕರೆ ಬಂದರೆ ರಿಂಗ್ ಆಗುವುದಿಲ್ಲ, ಪಟ್ಟಿಯಲ್ಲಿ ಮಾತ್ರ ದಾಖಲಾಗುತ್ತದೆ. ಖಾಕಿ ತೊಟ್ಟ ವಂಚಕರು ವಿಡಿಯೊ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವ ಕಾಲ ಇದು. ಮನೆಯಲ್ಲಿ ಒಂಟಿಯಾಗಿರುವ ಹಿರಿಯರ ಫೋನಿನಲ್ಲಿ ಇದನ್ನು ಇವತ್ತೇ ಹಾಕಿ ಎನ್ನುತ್ತೇನೆ. ಅವರಿಗೆ ಹೇಳಿ, ತೋರಿಸಿ, ಆಮೇಲೆ ಹಾಕಿ.

‘ಡಿಸಪಿಯರಿಂಗ್ ಮೆಸೇಜಸ್’

24 ಗಂಟೆ, 7 ದಿನ, 90 ದಿನ. ಸಂದೇಶ ಅಳಿಯುತ್ತದೆ, ಅಷ್ಟರೊಳಗೆ ತೆಗೆದ ಸ್ಕ್ರೀನ್‌ಶಾಟ್ ಅಳಿಯುವುದಿಲ್ಲ. ನಂಬಿಕೆಯಿಲ್ಲದವರ ಜೊತೆ ಈ ಸಾಲಿನಿಂದ ಉಪಯೋಗವಿಲ್ಲ.

‘ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್: ಆಫ್’

ಪ್ರತಿ ಚಾಟಿನ ತಲೆಯಲ್ಲಿರುವ ಹಳದಿ ಸಾಲನ್ನು ಎಲ್ಲರೂ ಓದಿದ್ದಾರೆ: ಈ ಸಂದೇಶಗಳನ್ನು ಕಂಪನಿಯೂ ಓದಲಾರದು. 2016ರ ಏಪ್ರಿಲಿನಿಂದ ಎಲ್ಲ ಬಳಕೆದಾರರಿಗೂ ಅದು ನಿಜ. ಆದರೆ ಚಾಟ್ಸ್ ಪುಟದ ಆಳದಲ್ಲಿರುವ ಈ ಇನ್ನೊಂದು ಸಾಲನ್ನು ಓದಿದವರು ಕಡಿಮೆ. ಕಳಿಸುವ ದಾರಿಯಲ್ಲಿ ಸಂದೇಶಕ್ಕೆ ಬೀಗವಿದೆ. ಗೂಗಲ್ ಅಥವಾ ಆಪಲ್ ಖಾತೆಗೆ ಹೋಗುವ ನಕಲಿಗೆ, ಇದು ‘ಆಫ್’ ಇರುವ ತನಕ, ವಾಟ್ಸ್‌ಆಪ್‌ನ ಆ ಬೀಗವಿಲ್ಲ. 2021ರಿಂದ ನಕಲಿಗೂ ಹಾಕಿಕೊಳ್ಳಬಹುದು. ಪಾಸ್‌ವರ್ಡ್ ಅಥವಾ 64 ಅಂಕಿ-ಅಕ್ಷರಗಳ ಕೀಲಿ ಆರಿಸಿಕೊಂಡರೆ ಅದನ್ನು ಜೋಪಾನ ಮಾಡಿ. ಕಳೆದುಕೊಂಡರೆ ಕಂಪನಿಯೂ ತೆರೆದು ಕೊಡಲಾರದು.

‘ಕಾಲ್ ಫಾರ್ವರ್ಡಿಂಗ್: ಆಲ್ವೇಸ್ / ವೆನ್ ಬ್ಯುಸಿ / ವೆನ್ ಅನ್‌ಆನ್ಸರ್ಡ್ / ವೆನ್ ಅನ್‌ರೀಚಬಲ್’

ಈಗ ವಾಟ್ಸ್‌ಆಪ್ ಬಿಟ್ಟು ಕರೆ ಮಾಡುವ ಆಪ್‌ಗೆ ಬರೋಣ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಕಾಲಿಂಗ್ ಅಕೌಂಟ್ಸ್ ದಾಟಿದರೆ ಈ ನಾಲ್ಕು ಸಾಲು ಸಿಗುತ್ತವೆ. ಮೊದಲನೆಯದು ಎಲ್ಲ ಕರೆಗಳನ್ನೂ ಬೇರೆ ನಂಬರಿಗೆ ತಿರುಗಿಸುತ್ತದೆ; ನಿಮ್ಮ ಫೋನು ರಿಂಗ್ ಆಗುವುದೇ ಇಲ್ಲ. ಉಳಿದ ಮೂರು, ನೀವು ಬೇರೆ ಮಾತಿನಲ್ಲಿದ್ದಾಗ, ಎತ್ತದಿದ್ದಾಗ, ಸಿಗ್ನಲ್ ಇಲ್ಲದಿದ್ದಾಗ ತಿರುಗಿಸುತ್ತವೆ.

ವಂಚಕರು ಈ ಸಾಲುಗಳನ್ನು ಬಳಸಿದ ರೀತಿ ತಿಳಿದಿರಬೇಕು. ಕೊರಿಯರ್‌ನವರೆಂದೋ ಮೊಬೈಲ್ ಕಂಪನಿಯವರೆಂದೋ ಕರೆ ಮಾಡಿ, ‘ನಿಮ್ಮ ಸಿಮ್‌ನಲ್ಲಿ ತೊಂದರೆಯಿದೆ, ಸ್ಟಾರ್ 401 ಒತ್ತಿ ಈ ನಂಬರ್ ಹಾಕಿ’ ಎನ್ನುತ್ತಿದ್ದರು. ಒತ್ತಿದವರ ಮೊದಲ ಸಾಲು ತುಂಬಿಬಿಡುತ್ತಿತ್ತು, ಕರೆಗಳೆಲ್ಲ ವಂಚಕರ ಫೋನಿಗೆ ಹೋಗುತ್ತಿದ್ದವು. ಈ ದೂರುಗಳಿಂದಾಗಿ, ಕೋಡ್ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಮೊಬೈಲ್ ಕಂಪನಿಗಳಿಗೆ ಸೂಚಿಸಿತು. ಆದರೂ ಸೆಟ್ಟಿಂಗ್ಸ್ ತೆರೆದು ಕಣ್ಣಾರೆ ನೋಡಿ. ಕೆಳಗಿನ ಮೂರು ಸಾಲುಗಳಲ್ಲಿ ಕಂಪನಿಯ ವಾಯ್ಸ್‌ಮೇಲ್ ನಂಬರ್ ಇರುವುದುಂಟು. ‘ಆಲ್ವೇಸ್’ ಮುಂದೆ ಮಾತ್ರ, ನೀವೇ ಹಾಕಿಲ್ಲದಿದ್ದರೆ, ಯಾವ ನಂಬರೂ ಇರಬಾರದು.

‘ವಾಯ್ಸ್‌ಮೇಲ್: ಚೇಂಜ್ ಪಿನ್’

ನಮ್ಮೂರುಗಳಲ್ಲಿ ಮಿಸ್ಡ್ ಕಾಲ್ ಗೆದ್ದು ವಾಯ್ಸ್‌ಮೇಲ್ ಸೋತಿತು. ಅಮೆರಿಕ, ಇಂಗ್ಲೆಂಡಿನ ಕನ್ನಡಿಗರಿಗೆ ಅದು ದಿನನಿತ್ಯದ್ದು, ಅವರಿಗಾಗಿ ಈ ಸಾಲನ್ನು ಬಿಡಿಸಿ ಹೇಳಬೇಕು. ವಾಯ್ಸ್‌ಮೇಲ್ ಪೆಟ್ಟಿಗೆ ಇರುವುದು ಕಂಪನಿಯ ಯಂತ್ರದಲ್ಲಿ. ನಿಮ್ಮ ಫೋನು ಕೈಯಲ್ಲಿಲ್ಲದಿದ್ದರೂ ಬೇರೆ ಫೋನಿನಿಂದ ಕರೆ ಮಾಡಿ, ಪಿನ್ ಒತ್ತಿ, ಸಂದೇಶ ಕೇಳಬಹುದು. ಆ ಪಿನ್ ಕಂಪನಿಯೇ ಕೊಟ್ಟ ಮಾಮೂಲು ಅಂಕಿಯಾಗಿದ್ದರೆ ಯಾರು ಬೇಕಾದರೂ ಕೇಳಬಹುದು.

ಲಂಡನ್ನಿನ ‘ನ್ಯೂಸ್ ಆಫ್ ದಿ ವರ್ಲ್ಡ್’ ಪತ್ರಿಕೆಯ ಹಗರಣದ ಬೇರು ಇಲ್ಲಿತ್ತು. ಬದಲಿಸದ ಪಿನ್‌ಗಳನ್ನೂ ಮೋಸದಿಂದ ಪಡೆದ ಪಿನ್‌ಗಳನ್ನೂ ಬಳಸಿ ಪತ್ರಿಕೆಯ ಕಡೆಯವರು ವರ್ಷಗಟ್ಟಲೆ ಇತರರ ವಾಯ್ಸ್‌ಮೇಲ್ ಕೇಳಿದರು. ಅರಮನೆಯ ಸುದ್ದಿ ಬರೆಯುತ್ತಿದ್ದ ಸಂಪಾದಕ ಮತ್ತು ಒಬ್ಬ ಖಾಸಗಿ ಪತ್ತೇದಾರ 2007ರ ಜನವರಿಯಲ್ಲಿ ಜೈಲಿಗೆ ಹೋದರು. ಕಾಣೆಯಾಗಿ, ಆಮೇಲೆ ಕೊಲೆಯಾದದ್ದು ತಿಳಿದುಬಂದ 13 ವರ್ಷದ ಬಾಲಕಿಯ ವಾಯ್ಸ್‌ಮೇಲನ್ನೂ ಕೇಳಿದ್ದರೆಂದು 2011ರ ಜುಲೈನಲ್ಲಿ ಗಾರ್ಡಿಯನ್ ಬರೆದಾಗ ಜನ ಸಿಡಿದೆದ್ದರು. 168 ವರ್ಷದ ಪತ್ರಿಕೆ ಅದೇ ತಿಂಗಳ 10ರಂದು ಕೊನೆಯ ಸಂಚಿಕೆ ತಂದು ಮುಚ್ಚಿತು.

ಅಲ್ಲಿಗೆ ಮುಗಿಯಲಿಲ್ಲ. 2018ರಲ್ಲಿ ಲಾಸ್ ವೇಗಸ್‌ನ ಡೆಫ್ ಕಾನ್ ಸಮ್ಮೇಳನದಲ್ಲಿ ಮಾರ್ಟಿನ್ ವಿಗೊ ಎಂಬ ಭದ್ರತಾ ಸಂಶೋಧಕರು ಇದೇ ದೌರ್ಬಲ್ಯದ ಹೊಸ ರೂಪವನ್ನು ಮಾಡಿ ತೋರಿಸಿದರು. ಅನೇಕ ಆಪ್‌ಗಳು ಒಟಿಪಿಯನ್ನು ಕರೆ ಮಾಡಿಯೂ ಹೇಳುತ್ತವೆ. ನೀವು ಎತ್ತದಿದ್ದರೆ ಯಂತ್ರದ ದನಿ ಒಟಿಪಿಯನ್ನು ವಾಯ್ಸ್‌ಮೇಲಿಗೇ ಹೇಳಿ ಇಟ್ಟುಬಿಡುತ್ತದೆ. ಆ ಪೆಟ್ಟಿಗೆಯ ಪಿನ್ ಊಹಿಸಿದವನಿಗೆ ನಿಮ್ಮ ಖಾತೆ ಸಿಕ್ಕಂತೆ. ಪಿನ್ ಬದಲಿಸಿ, ಉದ್ದವಾದದ್ದನ್ನು ಇಡಿ. ಬಳಸದಿದ್ದರೆ ಕಂಪನಿಗೆ ಹೇಳಿ ವಾಯ್ಸ್‌ಮೇಲನ್ನೇ ತೆಗೆಸಿ.

‘ಟು-ಸ್ಟೆಪ್ ವೆರಿಫಿಕೇಶನ್: ಆಫ್’

ಮೇಲಿನ ಎರಡು ಸಾಲುಗಳ ಅನ್ವಯ ಇಲ್ಲಿ ಪೂರ್ತಿಯಾಗುತ್ತದೆ. ವಂಚಕ ತನ್ನ ಫೋನಿನಲ್ಲಿ ವಾಟ್ಸ್‌ಆಪ್ ಹಾಕಿ ನಿಮ್ಮ ನಂಬರ್ ಕೊಡುತ್ತಾನೆ. ಎಸ್ಸೆಮ್ಮೆಸ್ ನಿಮಗೆ ಬರುತ್ತದೆ, ಅವನಿಗದು ಬೇಡ. ಸ್ವಲ್ಪ ಕಾದು ‘ಕರೆ ಮಾಡಿ ತಿಳಿಸಿ’ ಎಂಬುದನ್ನು ಒತ್ತುತ್ತಾನೆ. ಫಾರ್ವರ್ಡ್ ಆಗಿದ್ದರೆ ಕರೆ ಅವನಿಗೇ ಹೋಗುತ್ತದೆ. ವಾಯ್ಸ್‌ಮೇಲಿಗೆ ಹೋದರೆ ಅಲ್ಲಿಂದ ಎತ್ತಿಕೊಳ್ಳುತ್ತಾನೆ. ಆರು ಅಂಕಿ ಸಿಕ್ಕವು, ಖಾತೆ ಅವನದಾಯಿತು. ಇನ್ನು ನಿಮ್ಮ ಗ್ರೂಪುಗಳಲ್ಲಿ ನಿಮ್ಮ ಹೆಸರಿನಲ್ಲಿ ಅವನೇ ಮಾತಾಡುತ್ತಾನೆ.

ಅಕೌಂಟ್ ಪುಟದ ಈ ಸಾಲು ‘ಆನ್’ ಇದ್ದರೆ ಅಷ್ಟಕ್ಕೆ ಬಾಗಿಲು ತೆರೆಯುವುದಿಲ್ಲ. ನೀವೇ ಇಟ್ಟ ಇನ್ನೊಂದು ಆರಂಕಿಯ ಪಿನ್ ಕೇಳುತ್ತದೆ. ಅದು ಯಾವ ಎಸ್ಸೆಮ್ಮೆಸ್‌ನಲ್ಲೂ ಬರುವುದಿಲ್ಲ, ಯಾವ ಕರೆಯಲ್ಲೂ ಹೇಳುವುದಿಲ್ಲ. 2017ರಿಂದ ಇದೆ. ಈ ಇಡೀ ವ್ಯಾಖ್ಯಾನದಲ್ಲಿ ಒಂದೇ ಸಾಲು ಬದಲಿಸುವಷ್ಟು ವ್ಯವಧಾನ ನಿಮಗಿದ್ದರೆ ಇದನ್ನು ಬದಲಿಸಿ. ಇಮೇಲ್ ವಿಳಾಸವನ್ನೂ ಕೊಡಿ. ಪಿನ್ ಮರೆತಾಗ ಅದೇ ದಾರಿ. ಪಿನ್ ಇಡದವರ ಖಾತೆ ಕಸಿದ ವಂಚಕ ಮೊದಲು ಮಾಡುವ ಕೆಲಸ ತನ್ನದೊಂದು ಪಿನ್ ಇಡುವುದು. ಆಗ ಎಸ್ಸೆಮ್ಮೆಸ್ ಕೋಡಿನಿಂದ ನೀವು ಅವನನ್ನು ಹೊರಹಾಕಬಹುದು, ಆದರೆ ನೀವು ಒಳಹೋಗಲು 7 ದಿನ ಕಾಯಬೇಕಾಗುತ್ತದೆ. ಹಣ ಹೋಗಿದ್ದರೆ ಕಾಯಬೇಡಿ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

‘ಲಿಂಕ್ಡ್ ಡಿವೈಸಸ್’

ಹಿಂದಿನ ಸಾಲುಗಳು ಹೊರಗಿನವರ ಕುರಿತು. ಇದು ಬಹಳ ಸಲ ಮನೆಯೊಳಗಿನವರ ಕುರಿತು. ಒಂದು ವಾಟ್ಸ್‌ಆಪ್ ಖಾತೆಗೆ ನಾಲ್ಕು ಸಾಧನಗಳನ್ನು ಜೋಡಿಸಬಹುದು. ನಿಮ್ಮ ಫೋನು ತೆರೆದು ಅರೆಗಳಿಗೆ ಯಾರ ಕೈಗಾದರೂ ಸಿಕ್ಕರೆ ಸಾಕು, ಆಮೇಲಿನ ಸಂದೇಶಗಳೆಲ್ಲ ಅವರ ಲ್ಯಾಪ್‌ಟಾಪಿನಲ್ಲೂ ಬೀಳುತ್ತಿರುತ್ತವೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಅಲ್ಲಿ ಎದುರಿಗಿದ್ದದ್ದು ಸರ್ಕಾರ. ಗಂಡ ಹೆಂಡತಿಯ ಫೋನನ್ನೂ ಅಣ್ಣ ತಂಗಿಯ ಫೋನನ್ನೂ ನೋಡುತ್ತಿರುವಾಗ ಆ ಹಕ್ಕು ಅವಳ ಕೈಗೆ ಎಟುಕುವುದು ಇಂಥದೊಂದು ಸಾಲಿನ ರೂಪದಲ್ಲಿ. ತೆರೆದರೆ ಜೋಡಿಸಿರುವ ಸಾಧನಗಳ ಹೆಸರು, ಅವು ಕೊನೆಯ ಸಲ ಬಳಕೆಯಾದ ಸಮಯ ಕಾಣುತ್ತವೆ. ಗುರುತಿಲ್ಲದ್ದನ್ನು ಒತ್ತಿ ‘ಲಾಗ್ ಔಟ್’ ಮಾಡಿದರೆ ಆ ಕಡೆ ಕತ್ತಲಾಗುತ್ತದೆ.

ಆದರೆ ನೋಡುತ್ತಿದ್ದವನಿಗೆ ಅದು ಆ ಕ್ಷಣವೇ ತಿಳಿಯುತ್ತದೆ. ಹಿಂಸೆಯಿರುವ ಮನೆಯಲ್ಲಿ ಅದರಿಂದ ಅಪಾಯ ಹೆಚ್ಚಬಹುದು. ಹಾಗಿರುವವರು ಲಾಗ್ ಔಟ್ ಒತ್ತುವ ಮೊದಲು, ಆ ಫೋನನ್ನು ಬದಿಗಿಟ್ಟು, ನಂಬಿಕಸ್ಥರೊಬ್ಬರ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಮಾತಾಡಿ, ಎಲ್ಲಿ ಉಳಿಯುವುದು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು.